ಚಿಕ್ಕವ್ವ ಕ್ಯಾರೆಟ್ ಬೇಯಿಸಿದ್ದು

ಗುಂಡ್ಲುಪೇಟೆಯಲ್ಲಿ ನನ್ನ ಚಿಕ್ಕವ್ವ, ಅಂದರೆ ಅಮ್ಮನ ತಂಗಿ, ತರಕಾರಿ ವ್ಯಾಪಾರ ಮಾಡುತ್ತಾಳೆ. ಸುತ್ತಲಿನ ಹೊಲಗಳಿಂದ ಬಂದ ಮಾಲನ್ನು ರಾಶಿಯಲ್ಲೇ ಕೊಂಡು ಕೇರಳದ ಲಾರಿಗಳಿಗೆ ತುಂಬಿಸುವುದು ಅವಳ ಕೆಲಸ. ಬೇರೆ ವ್ಯಾಪಾರಿಗಳು ಕಣ್ಣಿನಿಂದ ನೋಡಿ ದರ ಹೇಳಿದರೆ ಚಿಕ್ಕವ್ವ ಬಾಯಿಂದ ನೋಡುತ್ತಾಳೆ. ರಾಶಿಯ ಹೊಟ್ಟೆಗೆ ಕೈ ಹಾಕಿ ಒಂದು ಕ್ಯಾರೆಟ್ ಎಳೆಯುವಳು, ಸೆರಗಿನಲ್ಲಿ ಮಣ್ಣೊರೆಸಿ ಲಟಕ್ಕನೆ ಕಡಿಯುವಳು, ಕಣ್ಣು ಮುಚ್ಚಿ ಅಗಿಯುವಳು. ರೈತ ಅಷ್ಟು ಹೊತ್ತೂ ಪರೀಕ್ಷೆ ಬರೆದ ಹುಡುಗನ ಅಪ್ಪನಂತೆ ನಿಂತಿರಬೇಕು. ತೊಳೆದು ತಿನ್ನು ಅಂದರೆ ಅವಳಿಗೆ ನಗು. ತೊಳೆದ ಮೇಲೆ ಎಲ್ಲ ಕ್ಯಾರೆಟ್ಟೂ ಮದುವೆ ಹೆಣ್ಣೇ, ಮಣ್ಣಿನ ಜೊತೆ ತಿಂದರೇ ನಿಜ ಗೊತ್ತಾಗುವುದು ಎನ್ನುತ್ತಿದ್ದಳು.

ನನ್ನ ಕೆಲಸ ಬದನಗುಪ್ಪೆಯ ಒಂದು ಕಾರ್ಖಾನೆಯ ಆಫೀಸಿನಲ್ಲಿ, ಮನೆ ಚಾಮರಾಜನಗರದಲ್ಲಿ. ಭಾನುವಾರ ತೆರಕಣಾಂಬಿ ಮೇಲಿನ ಬಸ್ಸು ಹಿಡಿದು ಅವಳ ತರಕಾರಿ ಮಂಡಿಗೆ ಹೋದರೆ ವಾರದ ಆಯಾಸವೆಲ್ಲ ಇಳಿಯುತ್ತದೆ. ಅಲ್ಲಿ ಯಾರೂ ಮೆಲ್ಲಗೆ ಮಾತಾಡುವುದಿಲ್ಲ. ಚಿಕ್ಕವ್ವ ಕೇರಳದ ಡ್ರೈವರುಗಳಿಗೆ ಅರ್ಧ ಮಲಯಾಳದಲ್ಲಿ ಬೈಯುತ್ತಾಳೆ, ಅವರು ಅರ್ಧ ಕನ್ನಡದಲ್ಲಿ ಬೈಸಿಕೊಳ್ಳುತ್ತಾರೆ.

ಹೋದ ವರ್ಷ ಅವಳ ಬಲಗೈ ಆಗಾಗ ತಾನಾಗಿಯೇ ಕುಣಿಯತೊಡಗಿತು. ತುಟಿಯ ಬಲತುದಿ ಎಳೆದುಕೊಂಡು, ಸ್ವಲ್ಪ ಹೊತ್ತು ಮಾತು ತೊದಲಿ, ಆಮೇಲೆ ಏನೂ ಆಗದಂತೆ ಸರಿಹೋಗುತ್ತಿತ್ತು. ಕೈಗೆ ವ್ಯಾಪಾರ ಬೇಜಾರಾಗಿ ನಾಟಕ ಸೇರಿದೆ ಎಂದು ಅವಳೇ ತಮಾಷೆ ಮಾಡಿದಳು. ಆದರೂ ಚಿಕ್ಕಪ್ಪ ಮತ್ತು ನಾನು ಅವಳನ್ನು ಊರಿನ ಒಬ್ಬ ಡಾಕ್ಟರ ಬಳಿ ಕರೆದುಕೊಂಡು ಹೋದೆವು. ಅವರು ತಲೆಯೆತ್ತದೆ ಗ್ಯಾಸು ಅಂದರು, ಟೆನ್ಶನ್ ಅಂದರು, ಈ ವಯಸ್ಸಿನ ಹೆಂಗಸರಿಗೆ ಇದೆಲ್ಲ ಇದ್ದದ್ದೇ ಅಂದರು. ಮುಂದಿನ ಸಲವೂ ಅದೇ ಮಾತು, ಅದೇ ಮಾತ್ರೆ. ಒಂದು ಜಾತಿಯ ಹುಳುವಿನಿಂದ ಮೆದುಳಿನಲ್ಲಿ ಗಂಟಾದರೂ ಹೀಗಾಗುತ್ತದೆ ಎಂದು ಓದಿದ್ದ ನಾನು, ಅದನ್ನು ಹೇಳಿ, ಸ್ಕ್ಯಾನ್ ಮಾಡಿಸಬಹುದೇ ಎಂದು ಕೇಳಿದೆ. ಅವರು ಆಗ ತಲೆಯೆತ್ತಿ ನಕ್ಕರು.

“ಅದು ಹಂದಿಯಿಂದ ಬರೋದಮ್ಮ. ನೀವು ಹಂದಿ ತಿಂತೀರಾ?”

ಚಿಕ್ಕಪ್ಪ ಕುರ್ಚಿಯಿಂದ ಎದ್ದೇ ನಿಂತರು. “ಸಾರ್, ನಾವು ಆ ಅಂಗಡಿ ಇರೋ ಬೀದೀಲೂ ಓಡಾಡಲ್ಲ.”

“ಮತ್ತೆ? ಮೊಬೈಲ್ ನೋಡ್ಕೊಂಡು ಡಾಕ್ಟ್ರಾಗಬೇಡಿ.”

ಅಲ್ಲಿಗೆ ಕಾಯಿಲೆ ಮುಗಿಯಿತು. ನಮ್ಮ ಮನೆತನದ ಮರ್ಯಾದೆಗೆ ಡಾಕ್ಟರೇ ಸರ್ಟಿಫಿಕೇಟ್ ಕೊಟ್ಟಂತಾಗಿ ಚಿಕ್ಕಪ್ಪನಿಗೆ ಎಷ್ಟು ಖುಷಿಯಾಯಿತೆಂದರೆ, ದಾರಿಯಲ್ಲಿ ಎಲ್ಲರಿಗೂ ಮಸಾಲೆ ದೋಸೆ ಕೊಡಿಸಿದರು. ಚಿಕ್ಕವ್ವ ಮಾತ್ರ ಅರ್ಧ ದೋಸೆ ಬಿಟ್ಟು ಎದ್ದಳು. ಅವಳು ತಟ್ಟೆಯಲ್ಲಿ ಏನನ್ನಾದರೂ ಬಿಟ್ಟಿದ್ದನ್ನು ನಾನು ಮೊದಲ ಸಲ ನೋಡಿದೆ.

ಇದಾಗಿ ಕೆಲವು ವಾರಕ್ಕೆ, ಒಂದು ಭಾನುವಾರ, ಅದು ನಡೆಯಿತು. ಮಂಡಿಗೆ ಒಂದು ಲಾರಿ ಹಿಂದಕ್ಕೆ ಬರುತ್ತಿತ್ತು. ರಿವರ್ಸಿನ ಆ ಪೀಂ ಪೀಂ ಶಬ್ದ. ಚಿಕ್ಕವ್ವ ಅದರ ಹಿಂದೆ ರಾಶಿಯ ಪಕ್ಕ ನಿಂತು ಕ್ಯಾರೆಟ್ ಅಗಿಯುತ್ತಿದ್ದಳು. ಕ್ಯಾರೆಟ್ ಕೆಳಗೆ ಬಿತ್ತು. ಬಲಗೈ ಲಾರಿಯನ್ನು ನಿಲ್ಲಿಸುವಂತೆ ಮೇಲೆದ್ದಿತು, ಕತ್ತು ಒಂದು ಕಡೆಗೆ ತಿರುಗಿತು, ಅವಳು ಮರದಂತೆ ಚಕ್ರದ ದಾರಿಗೆ ಅಡ್ಡ ಬಿದ್ದಳು. ಡ್ರೈವರಿಗೆ ಕಾಣುವಂತಿರಲಿಲ್ಲ. ನನ್ನ ಕೈಗೆ ಸಿಕ್ಕಿದ್ದು ಸೊಂಟಕ್ಕೆ ಬಿಗಿದಿದ್ದ ಅವಳ ಸೆರಗು. ಅದನ್ನೇ ಹಿಡಿದು ಎಳೆದೆ. ಹಮಾಲಿಗಳು ಲಾರಿಯ ಮೈಗೆ ದಬದಬ ಬಡಿದರು. ಲಾರಿ ನಿಂತಾಗ ಅವಳ ಒಂದು ಚಪ್ಪಲಿ ಚಕ್ರದ ಕೆಳಗಿತ್ತು.

ಈಗಲೂ ಕಾರ್ಖಾನೆಯ ಅಂಗಳದಲ್ಲಿ ಲಾರಿ ಹಿಂದಕ್ಕೆ ಬರುವ ಶಬ್ದ ಕೇಳಿದರೆ ನಾನು ಕುರ್ಚಿಯಿಂದ ಏಳುತ್ತೇನೆ. ಏಳಬೇಕೆಂದು ಏಳುವುದಲ್ಲ. ಕೈ ಸೆರಗಿಗಾಗಿ ತಡಕುತ್ತದೆ. ನನ್ನ ಮನಸ್ಸಿನಲ್ಲಿ ಆ ಲಾರಿ ಒಮ್ಮೊಮ್ಮೆ ನಿಲ್ಲುವುದೇ ಇಲ್ಲ.

ಅಂದು ನೆಲದ ಮೇಲೆ ಅವಳ ಮೈ ಅದುರುತ್ತಿದ್ದಾಗ ಮಂಡಿಗೆ ಮಂಡಿಯೇ ಸುತ್ತುಗಟ್ಟಿತು. ಕೈಗೆ ಕಬ್ಬಿಣ ಕೊಡಿ ಎಂದು ಒಬ್ಬ ಕೂಗಿದ. ಬೀಗದ ಕೈ ಹುಡುಕುವ ಕಷ್ಟ ಯಾಕೆಂದು ಇನ್ನೊಬ್ಬ ತಕ್ಕಡಿಯ ದೊಡ್ಡ ತೂಕದ ಬಟ್ಟನ್ನೇ ಹೊತ್ತು ತಂದ. ಮತ್ತೊಬ್ಬ ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದ. ಕಾಲೇಜಿನಲ್ಲಿ ಕಲಿತ ಪ್ರಥಮ ಚಿಕಿತ್ಸೆ ನೆನಪಾಗಿ, ಬಟ್ಟನ್ನು ತಳ್ಳಿ, ಅವಳನ್ನು ಒಂದು ಮಗ್ಗುಲಿಗೆ ಹೊರಳಿಸಿ ಕುಳಿತೆ. ಆ ಲಾರಿಯ ಡ್ರೈವರು ನೆಲದ ಮೇಲೆ ಕುಕ್ಕರಿಸಿ, ಚೇಚೀ ಚೇಚೀ ಎಂದು ಮಲಯಾಳದಲ್ಲಿ ಅಕ್ಕನನ್ನು ಕರೆಯುತ್ತಾ ಅಳುತ್ತಿದ್ದ. ಅದುರುವುದು ನಿಂತು, ಬಹಳ ಹೊತ್ತಿನ ಮೇಲೆ ಚಿಕ್ಕವ್ವ ಕಣ್ಣು ಬಿಟ್ಟಳು. ಮೂಗು ಮುರಿದಳು.

“ಈ ಈರುಳ್ಳಿ ಯಾರ್ದ್ಲಾ? ಒಳಗೇ ಕೊಳ್ತದೆ. ತಗೋಬ್ಯಾಡಿ.”

ಮಂಡಿಯ ತುಂಬ ನಗು. ಡ್ರೈವರು ಅಳುತ್ತಲೇ ನಕ್ಕ.

ಅದೇ ಡಾಕ್ಟರಿಗೆ ತೋರಿಸೋಣವೆಂದು ಚಿಕ್ಕಪ್ಪ ಹೊರಟರು. ಚಕ್ರದ ಕೆಳಗಿಂದ ತೆಗೆದ ಚಪ್ಪಲಿಯನ್ನು ಅವರ ಕೈಗೆ ಕೊಟ್ಟು, ಇದೂ ಗ್ಯಾಸಾ ಎಂದು ಕೇಳಿದೆ. ಅವರು ಕಾರು ತರಿಸಿದರು. ಚಾಮರಾಜನಗರದ ಆಸ್ಪತ್ರೆಯಲ್ಲಿ ನೋಡಿದವರು ಒಬ್ಬ ಡಾಕ್ಟರಮ್ಮ. ಸ್ಟೂಲು ಎಳೆದುಕೊಂಡು ಚಿಕ್ಕವ್ವನ ಎದುರಿಗೆ ಕುಳಿತರು. ಚಿಕ್ಕಪ್ಪ ಮತ್ತೆ ಹಂದಿ ಅಂಗಡಿಯ ಬೀದಿಯ ವಿಷಯ ಶುರುಮಾಡಿದಾಗ, ಫಿಟ್ಸ್ ಬಂದದ್ದು ಇವರಿಗಲ್ಲವೇ, ಇವರೇ ಹೇಳಲಿ ಎಂದರು. ಏನು ತಿನ್ನುತ್ತೀರೆಂದು ಕೇಳಲಿಲ್ಲ. ಯಾವುದನ್ನು ಹಸಿಯಾಗಿ ತಿನ್ನುತ್ತೀರೆಂದು ಕೇಳಿದರು. ಚಿಕ್ಕವ್ವನ ಮುಖ ಅರಳಿತು. ರಾಶಿಗೆ ಕೈ ಹಾಕುವುದು, ಸೆರಗಿನಲ್ಲಿ ಒರೆಸುವುದು, ಕಣ್ಣು ಮುಚ್ಚುವುದು ಎಲ್ಲವನ್ನೂ ಅಭಿನಯಿಸಿ ತೋರಿಸಿದಳು. ಡಾಕ್ಟರಮ್ಮ ನಗುತ್ತಲೇ ಸ್ಕ್ಯಾನಿಗೆ ಬರೆದರು.

ಗಂಟು ಇತ್ತು. ಹಂದಿಮಾಂಸ ಸರಿಯಾಗಿ ಬೇಯಿಸದೆ ತಿಂದವರ ಹೊಟ್ಟೆಯಲ್ಲಿ ಈ ಹುಳು ಬೆಳೆಯುತ್ತದೆ, ಅವರು ಬಯಲಿಗೆ ಹೋದರೆ ಅದರ ಮೊಟ್ಟೆ ಮಣ್ಣಿಗೂ ನೀರಿಗೂ ಸೇರುತ್ತದೆ, ಆ ಮಣ್ಣು ಯಾರ ಬಾಯಿಗೆ ಹೋದರೂ ಗಂಟು ಮೆದುಳಿನಲ್ಲೇ ಕೂರಬಹುದು ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಕ್ಯಾರೆಟ್ಟಿಗೆ ತನ್ನನ್ನು ತಿನ್ನುವವರು ಏನು ತಿನ್ನುವುದಿಲ್ಲವೆಂದು ಗೊತ್ತಿರುವುದಿಲ್ಲ ಎಂದೂ ಸೇರಿಸಿದರು. ಚಿಕ್ಕಪ್ಪ ಸಣ್ಣಗಾಗಿ, ನೆಂಟರಿಗೆ ಏನೆಂದು ಹೇಳುವುದು ಎಂದು ಕೇಳಿದರು. ಚಿಕ್ಕವ್ವ ಅವರ ಕಡೆ ತಿರುಗಲಿಲ್ಲ.

“ಉಳ ಕಿವಿಯಿಂದ ಈಚೆ ಬತ್ತದಾ, ಮೇಡಂ?”

ಡಾಕ್ಟರಮ್ಮ ಈ ಸಲ ನಗಲಿಲ್ಲ. ಬರುವುದಿಲ್ಲ, ಓಡಾಡುವುದಿಲ್ಲ, ಇದ್ದಲ್ಲೇ ಒಣಗುವ ಹಾಗೆ ಮದ್ದು ಕೊಡುತ್ತೇವೆ, ಊತ ಬರದಂತೆ ನೋಡಿಕೊಳ್ಳಲು ಕೆಲವು ದಿನ ಇಲ್ಲೇ ಇರಬೇಕು, ಫಿಟ್ಸ್ ಮಾತ್ರೆಯನ್ನು ನಾವು ಹೇಳುವವರೆಗೆ ನಿಲ್ಲಿಸಬಾರದು ಎಂದು ಒಂದೊಂದಾಗಿ ಹೇಳಿದರು.

ಅವರು ಹೋದ ಮೇಲೆ ಚಿಕ್ಕವ್ವ ನನ್ನ ಮುಂಗೈ ಹಿಡಿದಳು. “ಅಂತೂ ಏನೋ ಅದೆ ಅಂದ್ರಲ್ಲ ಕಣಮ್ಮಿ. ನಂಗೇ ತಲೆ ಕೆಟ್ಟೋಯ್ತು ಅನ್ಕಂಡಿದ್ದೆ. ನಿಮ್ಮುನ್ನೆಲ್ಲ ನಗಿಸ್ತಾ ಇದ್ದೆ ಅಷ್ಟೆ.”

ಮೆದುಳಿನಲ್ಲಿ ಗಂಟಿದೆ ಎಂದು ಕೇಳಿ ಅಷ್ಟು ಸಂತೋಷಪಟ್ಟವರನ್ನು ಆ ವಾರ್ಡು ನೋಡಿರಲಿಕ್ಕಿಲ್ಲ. ಸಂಜೆಯೊಳಗೆ ಪಕ್ಕದ ಮಂಚಗಳಿಗೆಲ್ಲ ತನ್ನ ಸ್ಕ್ಯಾನ್ ತೋರಿಸಿದ್ದಳು. ಯಾರೋ ತಿಂದವರನ್ನು ಬೈಯಲು ಒಬ್ಬಾಕೆ ಬಾಯಿ ತೆರೆದಾಗ, ತೊಳೆಯದೆ ತಿಂದವಳು ನಾನು, ಅವರನ್ನು ಯಾಕೆ ಬೈಯ್ತೀಯೆ ಎಂದು ಸುಮ್ಮನಾಗಿಸಿದಳು. ಯಾರ ಹೊಟ್ಟೆಯಲ್ಲಾದರೂ ಆ ಹುಳು ಇದೆಯೇ ಎಂದು ನೋಡಲು ಮನೆಯವರೆಲ್ಲರ ಮಲ ಪರೀಕ್ಷೆಯೂ ಆಗಬೇಕೆಂದು ಡಾಕ್ಟರಮ್ಮ ಹೇಳಿದ್ದರಿಂದ, ಚಿಕ್ಕಪ್ಪ ತಮ್ಮ ಡಬ್ಬಿಯನ್ನು ರೇಷ್ಮೆ ಸೀರೆಯ ಅಂಗಡಿಯ ಚೀಲದಲ್ಲಿಟ್ಟು ತಂದರು. ಚಿಕ್ಕವ್ವ ನಗುವಾಗ ಬಾಯಿಯ ಬಲತುದಿ ನೆಟ್ಟಗೇ ಇತ್ತು. ನಾನು ಅದನ್ನೇ ನೋಡುತ್ತಿದ್ದೆ.

ಈಗ ಅವಳು ಮತ್ತೆ ಮಂಡಿಯಲ್ಲಿದ್ದಾಳೆ. ಮಾತ್ರೆ ನಡೆದಿದೆ, ಕೈ ನಾಟಕ ಬಿಟ್ಟಿದೆ. ಲಾರಿಯ ದಾರಿ ಬಿಟ್ಟು ಗೋಡೆಯ ಪಕ್ಕ ಕುರ್ಚಿ ಹಾಕಿಕೊಂಡಿದ್ದಾಳೆ. ಎದುರಿಗೆ ಒಂದು ಸಣ್ಣ ಗ್ಯಾಸ್ ಒಲೆ. ಬೆಂಕಿಯ ಹತ್ತಿರ ಅವಳು ಒಬ್ಬಳೇ ಇರಬಾರದೆಂದು ಒಲೆಯ ಕೆಲಸ ಚಿಕ್ಕಪ್ಪನದು. ಪ್ರತಿ ರಾಶಿಯಿಂದ ಒಂದೆರಡು ಕ್ಯಾರೆಟ್ ತೆಗೆದು, ತೊಳೆದು, ಸಿಪ್ಪೆ ಹೆರೆದು, ಬೇಯಿಸಿ, ಉಪ್ಪು ಮೆಣಸು ಉದುರಿಸಿ ಅವರು ಅವಳ ಕೈಗೆ ಕೊಡುತ್ತಾರೆ. ದರ ಕೇಳಲು ಕ್ಯಾರೆಟ್ ಬೇಯುವವರೆಗೆ ಕಾಯಬೇಕೇ ಎಂದು ರೈತರು ಗೊಣಗುತ್ತಾರೆ. ಬೆಂದ ಕ್ಯಾರೆಟ್ ಸುಳ್ಳು ಹೇಳುವುದಿಲ್ಲ ಎನ್ನುವುದು ಅವಳ ಹೊಸ ಮಾತು. ಉಳಿದ ಚೂರುಗಳಿಗಾಗಿ ಡ್ರೈವರುಗಳು ಸುಳಿದಾಡುತ್ತಾರೆ.

ಹೋದ ಭಾನುವಾರ ಅದೇ ಲಾರಿ ಬಂತು. ಆ ಡ್ರೈವರು ಈಗ ಗೇರು ಹಾಕುವ ಮೊದಲು ಕೆಳಗಿಳಿದು, ಲಾರಿಯ ಹಿಂದೆ ಒಂದು ಸುತ್ತು ನಡೆದು, ಕುರ್ಚಿಯಲ್ಲಿರುವ ಚಿಕ್ಕವ್ವನಿಗೆ ಕೈ ಎತ್ತಿ ತೋರಿಸಿಯೇ ಮತ್ತೆ ಹತ್ತುತ್ತಾನೆ. ಅವತ್ತೂ ಹಾಗೇ ಮಾಡಿದ. ನೆಲ ಖಾಲಿಯಿತ್ತು, ಅವಳು ನನ್ನ ಪಕ್ಕದಲ್ಲೇ ಇದ್ದಳು. ಆದರೂ ಪೀಂ ಪೀಂ ಶುರುವಾಗುತ್ತಲೇ ನನ್ನ ಕೈ ಅವಳ ಸೊಂಟದ ಸೆರಗನ್ನು ಹಿಡಿದಿತ್ತು.

ಚಿಕ್ಕವ್ವ ಕಣ್ಣು ಮುಚ್ಚಿ ಅಗಿಯುತ್ತಿದ್ದಳು. ಲಾರಿ ನಿಂತ ಮೇಲೆ ಕಣ್ಣು ಬಿಟ್ಟು, ಒಂದು ಬಿಸಿ ಚೂರನ್ನು ನನ್ನ ಬಾಯಿಗೆ ತುರುಕಿದಳು.

“ಸೆರಗು ಬುಡು ಕಣಮ್ಮಿ. ಕೈ ಒರೆಸ್ಕಬೇಕು.”