ಗೌರಿಯ ಹೆಸರಿನ ರಸ್ತೆ

ನಮ್ಮ ಟೀಚರಿಗೆ ಎಡಗಣ್ಣಿನ ಮೇಲೆ ಹುಬ್ಬು ಇರಲಿಲ್ಲ. ಚಿಕ್ಕಂದಿನಲ್ಲಿ ಬಚ್ಚಲೊಲೆ ಊದುವಾಗ ಸುಟ್ಟುಹೋದದ್ದು ಆಮೇಲೆ ಬೆಳೆಯಲೇ ಇಲ್ಲ. ಸಿಟ್ಟು ಬಂದರೆ ಬಲಗಡೆಯದೊಂದೇ ಮೇಲೇರುತ್ತಿತ್ತು. ಅದು ಏರಿತೆಂದರೆ ಇಡೀ ಏಳನೇ ತರಗತಿ ತೆಪ್ಪಗಾಗುತ್ತಿತ್ತು. ನಿವೃತ್ತರಾಗಿ ಕೊಟ್ಟಿಗೆಹಾರದಲ್ಲಿ ನೆಲೆಸಿದ ಮೇಲೂ ಅಂಗಡಿ ಬೋರ್ಡಿನಲ್ಲಿ ಕಾಗುಣಿತ ತಪ್ಪು ಕಂಡರೆ ಒಳಗೆ ಹೋಗಿ ತಿದ್ದಿಸಿಯೇ ಬರುತ್ತಿದ್ದರು.

ಒಂದು ಮಳೆಗಾಲ ಅವರು ಕಳಸದಿಂದ ಬಸ್ಸಿನಲ್ಲಿ ಬರುತ್ತಿದ್ದಾಗ, ರಸ್ತೆ ಕೆಲಸದ ಗ್ಯಾಂಗಿನ ಗೌರಿ ಎಂಬಾಕೆ ಅಡ್ಡ ಬಂದು, ತಲೆಗೆ ಹೊದ್ದ ಪ್ಲಾಸ್ಟಿಕ್ ಬೀಸಿ ಬಸ್ಸು ನಿಲ್ಲಿಸಿದಳು. ಮರುಕ್ಷಣ ರಸ್ತೆ ಪಕ್ಕದ ಧರೆ ಕುಸಿದು ಅವಳ ಮೇಲೆ ಬಿತ್ತು. ಬಸ್ಸಿನಲ್ಲಿದ್ದವರೆಲ್ಲ ಉಳಿದರು.

ಕೆಲವು ವರ್ಷಗಳ ನಂತರ ಆ ರಸ್ತೆ ಅಗಲವಾಯಿತು. ಜಲಪಾತಕ್ಕೆ, ದೇವಸ್ಥಾನಕ್ಕೆ ದಾರಿ ತೋರಿಸುವ ಬೋರ್ಡುಗಳು ಬಂದವು. ರಸ್ತೆಗೆ ತೀರಿಹೋದ ಎಸ್ಟೇಟ್ ಸಾಹುಕಾರರ ಹೆಸರಿಡುವುದೆಂದು ಊರಿನವರು ಮೊದಲೇ ಮಾತಾಡಿಕೊಂಡಿದ್ದರು. ಆಗ ಪಂಚಾಯಿತಿ ಅಧ್ಯಕ್ಷೆಯಾಗಿದ್ದ ನನಗೂ ಅದು ಸರಿಯೆಂದೇ ಕಂಡಿತ್ತು.

ಗ್ರಾಮಸಭೆಯಲ್ಲಿ ಟೀಚರ್ ಎದ್ದು ನಿಂತರು. “ಸಾಹುಕಾರ್ರು ದೊಡ್ಡೋರೇ. ಅವ್ರ ಹೆಸ್ರಲ್ಲಿ ಆಸ್ಪತ್ರೆ ಇದೆ, ಸಮುದಾಯ ಭವನ ಇದೆ. ಗೌರಿ ಹೆಸ್ರಲ್ಲಿ ಏನಿದೆ?”

ಸಾಹುಕಾರರ ಮಗ, ಅವನೂ ಅವರ ಶಿಷ್ಯನೇ, ಮೆಲ್ಲಗೆ ಹೇಳಿದ: “ಟೀಚರ್, ಹಾಗಂತ ರಸ್ತೆಗೆ ಕೂಲಿಯೋರ ಹೆಸ್ರಿಟ್ರೆ ಜನ ಏನಂತಾರೆ?”

ಹುಬ್ಬು ಏರಿತು. “ಆ ಬಸ್ಸಲ್ಲಿ ನಿನ್ನ ಅಮ್ಮನೂ ಇದ್ರಲ್ಲ ಮಾರಾಯ. ಮನೆಗೆ ಹೋಗಿ ಅವ್ರನ್ನೇ ಕೇಳು.”

ಮುಂದಿನ ಸಭೆಗೆ ಆ ಅಮ್ಮನೇ ಬಂದರು. ಮಗನ ತೋಳು ಹಿಡಿದು ನಿಂತು, “ಗೌರಿ ಹೆಸ್ರೇ ಇರ್ಲಿ” ಎಂದಷ್ಟೇ ಹೇಳಿ ಕೂತರು. ಅಲ್ಲಿಗೆ ಊರಿನ ತಕರಾರು ಮುಗಿಯಿತು.

ಮೇಲಿನ ಕಚೇರಿ ಮಾತ್ರ ಜಗ್ಗಲಿಲ್ಲ. ಟೀಚರ್ ಮಂಡಿನೋವಿನಲ್ಲೇ ವಾರ ವಾರ ಬಸ್ಸು ಹತ್ತಿ ಚಿಕ್ಕಮಗಳೂರಿಗೆ ಹೋದರು. ನೋಡಲಾರದೆ ನಾನೂ ಜೊತೆಗೆ ಹೊರಟೆ. “ಸಾಕು ಟೀಚರ್, ಅವರಾಗಿ ಕರೀಲಿ” ಎಂದರೆ, “ಅವ್ರು ಕರೆಯಲ್ಲ. ನಾನು ಬರೋದು ಬಿಡಲ್ಲ” ಎನ್ನುತ್ತಿದ್ದರು.

ಹೊಸದಾಗಿ ಬಂದ ಅಧಿಕಾರಿಯೊಬ್ಬರು ಕೇಳಿದರು: “ಈ ಗೌರಿ ಯಾರಮ್ಮಾ, ಸ್ವಾತಂತ್ರ್ಯ ಹೋರಾಟಗಾರ್ತಿನಾ?”

“ಅಲ್ಲ ಸಾರ್. ರಸ್ತೆ ಕೆಲಸದೋಳು. ಅವ್ಳು ಬಸ್ಸು ನಿಲ್ಲಿಸದಿದ್ರೆ ನಾನು ನಿಮ್ಮೆದುರು ಕೂತಿರ್ತಿರಲಿಲ್ಲ.”

ಅವರು ಪೆನ್ನು ಕೆಳಗಿಟ್ಟು ನಡೆದದ್ದನ್ನೆಲ್ಲ ಕೇಳಿಸಿಕೊಂಡರು. ಆದರೂ ಆದೇಶ ಬರುವಷ್ಟರಲ್ಲಿ ಮತ್ತೊಂದು ಮಳೆಗಾಲ ಕಳೆದಿತ್ತು.

ಬೋರ್ಡಿನ ಪರದೆ ಎಳೆದವಳು ಗೌರಿಯ ಮಗಳು, ಸಂಸೆಯ ತೋಟವೊಂದರಲ್ಲಿ ಕೆಲಸ ಮಾಡುವವಳು. ಅವಳಿಗೆ ಓದು ಬಾರದು. “ಇದ್ರಲ್ಲಿ ಅವ್ವ ಎಲ್ಲಿದಾಳೆ?” ಎಂದು ಕೇಳಿದಳು. ಟೀಚರ್ ಅವಳ ಬೆರಳು ಹಿಡಿದು ಎರಡು ಅಕ್ಷರಗಳ ಮೇಲೆ ನಿಧಾನವಾಗಿ ಆಡಿಸಿದರು.

ಮರುವರ್ಷ ಟೀಚರ್ ತೀರಿಕೊಂಡರು. ಎಲ್ಲರೂ ಒಪ್ಪಿಯಾಗಿದೆ ಎಂಬ ಮಾತು ಬಂದಾಗ ಎದ್ದು ನಿಂತು ಒಂದು ಪ್ರಶ್ನೆ ಕೇಳುವ ಧೈರ್ಯ ಇವತ್ತು ನನಗಿದ್ದರೆ, ಅದು ಅವರು ಕೊಟ್ಟದ್ದು.

ಅವರನ್ನು ಮಣ್ಣು ಮಾಡುವ ದಿನ ಗೌರಿಯ ಮಗಳು ಸಂಸೆಯಿಂದ ಮೊದಲ ಬಸ್ಸಿಗೇ ಬಂದಿದ್ದಳು. ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದಾಗ ಊರಿನ ಹೆಸರು ಹೇಳಲಿಲ್ಲವಂತೆ. “ನಮ್ಮವ್ವನ ರಸ್ತೆಗೆ ಒಂದು ಕೊಡಿ” ಎಂದಳಂತೆ.