ಗ್ರಂಥಾಲಯದ ಹೊಸ್ತಿಲಾಚೆಗೆ ಒಂದು ದೀಪ

ಕುರ್ಚಿ ಬಾಡಿಗೆಗೆ ಕೊಡುವವನಿಗೆ ಭಾಷಣ ಕೇಳುವ ಚಟ ಇರಬಾರದು ಎಂದು ನಮ್ಮ ದಂಧೆಯವರು ಹೇಳುತ್ತಿದ್ದರು. ಕುರ್ಚಿ ಇಳಿಸಬೇಕು, ಚಹಾ ಕುಡಿದು ಒಂದು ಮೂಲೆಯಲ್ಲಿ ತೂಕಡಿಸಬೇಕು, ಸಭೆ ಮುಗಿದ ಮೇಲೆ ಮಡಚಿ ಟೆಂಪೊಗೆ ಏರಿಸಬೇಕು. ಒಳಗೆ ಯಾರು ಏನು ಹೇಳಿದರು ಎಂಬುದನ್ನು ಕಟ್ಟಿಕೊಂಡು ನಮಗೇನಾಗಬೇಕು? ಆದರೆ ನನಗೆ ಆ ಚಟ ಹತ್ತಿತು. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ, ಮುಂಬಯಿಯ ಫೋರ್ಟಿನಲ್ಲಿದ್ದ ಒಂದು ವಿಶ್ವವಿದ್ಯಾಲಯದ ಹಳೆಯ ಪುಸ್ತಕಗಳ ಗ್ರಂಥಾಲಯದಲ್ಲಿ ಹತ್ತಿತು.

ನಾನು ವಿಜಾಪುರದ ಕಡೆಯವನು. ಮುಂಬಯಿಗೆ ಬಂದ ಹೊಸದರಲ್ಲಿ ಬಿಲ್ಡಿಂಗ್ ಕೆಲಸದಲ್ಲಿ ಗಾರೆ ಹೊರುತ್ತಿದ್ದೆ. ಒಂದು ನಾಟಕ ಕಂಪನಿ ಮುಚ್ಚುವಾಗ ಅದರ ಕಬ್ಬಿಣದ ಮಡಚುವ ಕುರ್ಚಿಗಳನ್ನು ಚೌಕಾಶಿ ಮಾಡಿ ಹೊಡೆದುಕೊಂಡು ಬಂದೆ. ಧಾರಾವಿಯಲ್ಲಿ ಚರ್ಮದವರ ಗಲ್ಲಿಯ ಹಿಂದೆ ಒಂದು ಗೋಡೌನು ಹಿಡಿದೆ. ಅಲ್ಲಿಂದ ನನ್ನ ಸಂಸಾರ ಎದ್ದು ನಿಂತಿತು. ಮದುವೆ, ಸತ್ಯನಾರಾಯಣ ಪೂಜೆ, ಇಲೆಕ್ಷನ್ ಸಭೆ, ಯಾವುದಾದರೂ ಸರಿ. ಕೂರುವವರು ಯಾರೆಂದು ಕುರ್ಚಿ ಕೇಳುವುದಿಲ್ಲ.

ಮಾಟುಂಗದ ಒಂದು ಕನ್ನಡ ಸಮಾರಂಭದಲ್ಲಿ ನನ್ನ ಕುರ್ಚಿಗಳನ್ನು ಒಬ್ಬ ಹೆಂಗಸು ತಲೆಕೆಳಗು ಮಾಡಿ ಕಾಲುಗಳನ್ನು ನೋಡುತ್ತಿದ್ದರು. ಮೈಸೂರಿನ ಕಡೆಯವರು, ಕನ್ನಡಕ, ನೂಲಿನ ಸೀರೆ. ಆ ಗ್ರಂಥಾಲಯದ ಗ್ರಂಥಪಾಲಕಿ ಎಂದು ಆಮೇಲೆ ತಿಳಿಯಿತು.

"ಇವು ನಮ್ಮ ನೆಲ ಗೀಚುತ್ತವೆ. ಸದ್ದೂ ಜಾಸ್ತಿ. ಅದಕ್ಕೊಂದು ದಾರಿ ಮಾಡಿ, ಆಮೇಲೆ ರೇಟಿನ ಮಾತು," ಎಂದರು.

"ಬಾಯಾರ, ಕಬ್ಬಿಣದ ಕುರ್ಚಿ ಸಪ್ಪಳ ಮಾಡಲಾರದ ಹಾಡ್ತಾವೇನ್ರಿ?"

"ಹಾಡೋಕೆ ಬೇರೆಯವರು ಬರ್ತಾರೆ. ನಿಮ್ಮ ಕುರ್ಚಿ ಬಾಯಿ ಮುಚ್ಚಿಕೊಂಡಿದ್ದರೆ ಸಾಕು."

ಹೀಗೆ ಮಾತಿಗೆ ಮಾತು ಕೊಡುವ ಗಿರಾಕಿಯನ್ನು ಬಿಡಬಾರದು, ಇದು ನನ್ನ ಅನುಭವ. ಸುಮ್ಮನೆ ತಲೆಯಾಡಿಸುವವರು ನಾಳೆ ಬೇರೆಯವನ ಹತ್ತಿರ ಹೋಗುತ್ತಾರೆ. ಜಗಳವಾಡುವವರು ನಿಮ್ಮ ಹತ್ತಿರವೇ ಮತ್ತೆ ಬರುತ್ತಾರೆ. ಧಾರಾವಿಯಲ್ಲಿ ಸಿಗದ ವಸ್ತುವಿಲ್ಲ. ಹಳೆಯ ಸೈಕಲ್ ಟ್ಯೂಬು ತಂದು, ಉಂಗುರದಂತೆ ಕತ್ತರಿಸಿ, ಪ್ರತಿ ಕುರ್ಚಿಯ ಕಾಲಿಗೂ ತೊಡಿಸಿದೆ. ಅದಕ್ಕೆ ಹೆಚ್ಚಿನ ದುಡ್ಡು ಕೇಳಲಿಲ್ಲ. ಬೇರೆ ಒಂದು ಕೇಳಿದೆ.

"ಪ್ರತಿ ಕಾರ್ಯಕ್ರಮಕ್ಕ ಒಂದು ಹಳೇ ಪುಸ್ತಕ ನನಗ ತೋರಸಬೇಕ್ರಿ. ಮುಟ್ಟೂದಿಲ್ಲ."

"ಓದ್ತೀರಾ?"

"ನೋಡ್ತೀನ್ರಿ. ಕಪಾಟಿಗೆ ಇಷ್ಟು ಕೀಲಿ ಜಡದಾರಂದ್ರ ಒಳಗ ಏನರೆ ಇರಬೇಕಲ್ರಿ."

ಅವರು ನಕ್ಕರು. ಒಪ್ಪಿದರು.

ಆ ಗ್ರಂಥಾಲಯದ ಪದ್ಧತಿಯೂ ಅದೇ ಆಗಿತ್ತು. ತಿಂಗಳಿಗೊಂದು ಸಂಜೆ ಕಪಾಟಿನಿಂದ ಒಂದೇ ಒಂದು ಪುಸ್ತಕ ಹೊರಗೆ ಬರುತ್ತಿತ್ತು. ಅದನ್ನು ಬಾಗಿಲ ಹತ್ತಿರದ ಮೇಜಿನ ಮೇಲೆ ಬಿಚ್ಚಿಟ್ಟು, ಮೇಲೊಂದು ದಪ್ಪ ಗಾಜು ಹೊದಿಸುತ್ತಿದ್ದರು. ಬಂದವರು ಬಗ್ಗಿ ನೋಡಿ ಕೂರುವುದು, ಆಮೇಲೆ ಆ ಪುಸ್ತಕದ ಬಗ್ಗೆಯೇ ಯಾರಾದರೂ ತಿಳಿದವರ ಮಾತು. ಕಾರ್ಡು ಬೇಡ, ಚೀಟಿ ಬೇಡ. ರಸ್ತೆಯಲ್ಲಿ ಹೋಗುವವನೂ ಬರಬಹುದಿತ್ತು.

ಒಂದು ಸಂಜೆ ಮುಂಬಯಿಯ ಹಳೆಯ ನಕ್ಷೆ. ನಿವೃತ್ತ ಮೇಷ್ಟ್ರೊಬ್ಬರು ಮಾತಾಡಿದರು. ಇಂಗ್ಲಿಷಿನಲ್ಲಿ ಹೇಳಿದ್ದು ನನಗೆ ಅರ್ಧ ಹೊಳೆಯಿತು, ಅರ್ಧ ಇಲ್ಲ. ಜನ ಕರಗಿದ ಮೇಲೆ ಹತ್ತಿರ ಹೋಗಿ, ಧಾರಾವಿ ಎಲ್ಲಿದೆ ಎಂದು ಹಿಂದಿಯಲ್ಲಿ ಕೇಳಿದೆ. ಅವರು ಗಾಜಿನ ಮೇಲೆ ಬೆರಳು ಓಡಿಸಿ, ಸಮುದ್ರ ಒಳನುಗ್ಗಿದ ಖಾಡಿಯ ದಂಡೆ ತೋರಿಸಿದರು. ನನ್ನ ಗಲ್ಲಿಯ ಗುರುತು ಹೇಳಿ, ಗೋಡೌನು ಎಲ್ಲಿ ಬರುತ್ತದೆ ಎಂದೆ. ಮೇಷ್ಟ್ರು ಸ್ವಲ್ಪ ಹೊತ್ತು ಲೆಕ್ಕ ಹಾಕಿ, "ಪಾನೀ ಮೇ," ಎಂದರು. ನೀರಿನಲ್ಲಿ! ಮರುದಿನ ಬೆಳಿಗ್ಗೆಯೇ ಗೋಡೌನಿನ ಮಾಲೀಕನನ್ನು ಹಿಡಿದೆ. "ನೀ ನನಗ ಬಾಡಿಗಿಗೆ ಕೊಟ್ಟದ್ದು ಸಮುದ್ರ, ಜಾಗ ಅಲ್ಲ," ಎಂದೆ. ಪ್ರತಿ ಮಳೆಗಾಲ ನೀರು ನುಗ್ಗುವುದಕ್ಕೆ ವಿಶ್ವವಿದ್ಯಾಲಯದ ನಕ್ಷೆಯೇ ಸಾಕ್ಷಿ ಎಂದು ಹೆದರಿಸಿ, ಅವನ ಖರ್ಚಿನಲ್ಲೇ ನೆಲ ಎತ್ತರಿಸಿಕೊಂಡೆ. ಹಳೆಯ ಕಾಗದದಿಂದ ಉಪಯೋಗವಿಲ್ಲ ಎನ್ನುವವರಿಗೆ ನಾನು ಈ ಕಥೆಯನ್ನು ಈಗಲೂ ಹೇಳುತ್ತೇನೆ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ, ಸಭೆ ನಡೆಸುವವರಿಗೆ ಬೇಕಾಗುತ್ತದೆ. ಎಷ್ಟು ಜನ ಬರಬಹುದೆಂದು ಅಂದಾಜು ಇದೆಯೋ ಅದಕ್ಕಿಂತ ಕಡಿಮೆ ಕುರ್ಚಿ ಹಾಕಿಸಿ. ಖಾಲಿ ಕುರ್ಚಿ ಕಂಡರೆ ಮಾತಾಡುವವನ ಎದೆ ಒಡೆಯುತ್ತದೆ. ಅದೇ, ಜನ ಬಂದ ಮೇಲೆ ಹಿಂದಿನಿಂದ ಒಂದೊಂದೇ ತಂದು ಹಾಕಿದರೆ, ಕೂರುವವನಿಗೂ ಮರ್ಯಾದೆ, ವೇದಿಕೆಯಲ್ಲಿದ್ದವರಿಗೂ ಹುರುಪು. ಗ್ರಂಥಪಾಲಕಿಗೆ ಇದನ್ನು ಹೇಳಿಕೊಟ್ಟವನು ನಾನೇ.

ಅವರಿಗೆ ಭಾಷಣ ಸಾಲದಾಯಿತು. ಸಂಗೀತವೂ ಬೇಕು, ಅದೂ ಪುಸ್ತಕಗಳ ನಡುವೆಯೇ, ಓದುವ ಹಾಲಿನಲ್ಲೇ ಆಗಬೇಕು ಎಂದು ಹಟ ಹಿಡಿದರು. ಗ್ರಂಥಾಲಯದ ಮುಖ್ಯಸ್ಥರು ಮರಾಠಿ ಮನುಷ್ಯ, ತೆಳ್ಳಗೆ, ಸದಾ ಕೋಟು. ಬೆಂಕಿ ಎಂದರೆ ಅವರಿಗೆ ಪ್ರಾಣಭಯ. ನಾನು ಹೋದಾಗಲೆಲ್ಲ ಬಾಗಿಲಲ್ಲೇ ಕೈಚಾಚಿ ನನ್ನ ಕಡ್ಡಿಪೆಟ್ಟಿಗೆ ಇಸಿದುಕೊಳ್ಳುತ್ತಿದ್ದರು, ಹೋಗುವಾಗ ಮರೆಯದೆ ಕೊಡುತ್ತಿದ್ದರು. ಒಂದೇ ಒಂದು ಸಂಗೀತದ ಸಂಜೆ ಮಾಡಿ ನೋಡೋಣ, ಎಡವಟ್ಟಾದರೆ ಸಂಗೀತವೂ ಇಲ್ಲ, ಭಾಷಣವೂ ಇಲ್ಲ, ಸಂಜೆ ಬಾಗಿಲು ತೆರೆಯುವುದೇ ಇಲ್ಲ ಎಂದು ಅವರು ಒಪ್ಪಿದ್ದರು.

"ಒಂದು ಸಲ ಮುಚ್ಚಿತು ಅಂದ್ರೆ ನನ್ನ ಸರ್ವೀಸಿನಲ್ಲಿ ಮತ್ತೆ ತೆರೆಯಲ್ಲ ಕಣ್ರೀ," ಎಂದು ಗ್ರಂಥಪಾಲಕಿ ನನಗೆ ಹೇಳಿದರು. "ಆಮೇಲೆ ಇಲ್ಲಿ ಕಾರ್ಡು ಇರೋ ನಾಲ್ಕು ಜನ, ಪುಸ್ತಕದ ಹುಳು, ನಾನು. ಅಷ್ಟೇ."

ಅವರು ಕರೆದದ್ದು ಧಾರವಾಡದ ಕಡೆಯ ಒಬ್ಬ ವೃದ್ಧ ಗಾಯಕಿಯನ್ನು. ಮಗಳ ಮನೆ ಮುಲುಂಡಿನಲ್ಲಿತ್ತು. ಹೊರಗೆ ಹಾಡುವುದನ್ನು ಬಿಟ್ಟೇಬಿಟ್ಟಿದ್ದವರನ್ನು ಗ್ರಂಥಪಾಲಕಿ ಲೋಕಲ್ ರೈಲಿನಲ್ಲಿ ಎಷ್ಟೋ ಸಲ ಹೋಗಿ ಒಪ್ಪಿಸಿದ್ದರು.

ಚಳಿಗಾಲದ ಸಂಜೆ. ರಾಗಗಳನ್ನು ಗಂಡು ಹೆಣ್ಣುಗಳಂತೆ ಬರೆದ ಚಿತ್ರಗಳ ಪುಸ್ತಕ ಮೇಜಿನ ಮೇಲೆ ಗಾಜಿನ ಕೆಳಗಿತ್ತು. ನಾನು ಅದನ್ನೇ ನೋಡುತ್ತಿದ್ದೆ: ರಾಗಕ್ಕೆ ಮೂಗು, ಕಣ್ಣು, ಮೂಗುತಿ! ಹಾಲು ತುಂಬಿತು. ಗಾಯಕಿ ಬಂದು ವೇದಿಕೆಯ ಮೇಲೆ ಕುಳಿತರು. ಶಿಷ್ಯೆ ತಂಬೂರಿ ಶ್ರುತಿ ಮಾಡತೊಡಗಿದಳು. ಅಜ್ಜಿ ಬಟ್ಟೆಯ ಗಂಟು ಬಿಚ್ಚಿದರು. ಗುರುಗಳ ಒಂದು ಫೋಟೋ. ಒಂದು ಹಿತ್ತಾಳೆಯ ನೀಲಾಂಜನ. ಎಣ್ಣೆಯ ಶೀಸೆ. ಬತ್ತಿ. ಕೊನೆಗೆ ಕಡ್ಡಿಪೆಟ್ಟಿಗೆ.

ಮುಖ್ಯಸ್ಥರು ಹಿಂದಿನ ಸಾಲಿನಿಂದ ಓಡಿಬಂದರು. "ಆಗ್ ನಹೀ ಚಲೇಗಾ!" ಬೆಂಕಿ ನಡೆಯುವುದಿಲ್ಲ!

ಗ್ರಂಥಪಾಲಕಿಯ ಮುಖ ಬಿಳುಚಿತು. ದೀಪದ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ಅಜ್ಜಿಯ ಮಟ್ಟಿಗೆ ಅದು ಹೇಳುವ ವಿಷಯವೇ ಅಲ್ಲ. ಉಸಿರಾಡುತ್ತೇನೆ ಎಂದು ಯಾರು ಮುಂಚಿತವಾಗಿ ತಿಳಿಸುತ್ತಾರೆ?

ಚೌಕಾಶಿ ಇದ್ದಲ್ಲಿ ನನ್ನ ಕಾಲು ತಾನಾಗಿಯೇ ಹೋಗುತ್ತದೆ. ವೇದಿಕೆಯ ಹತ್ತಿರ ಹೋಗಿ ಕೂತೆ. "ಅವ್ವಾರ, ಗಣಪತಿ ಮಂಟಪದ್ದು ಕರೆಂಟಿನ ದೀಪ ಐತ್ರಿ ನನ್ನ ಕಡೆ. ಖರೇ ದೀಪದಂಗ ಮಿಣುಕ್ತೈತಿ. ತರಸಲೇನ್ರಿ?"

"ನಮ್ಮ ಗುರುಗಳಿಗೆ ಬಲ್ಬ್ ತೋರಸ್ಲೇನು, ತಮ್ಮಾ? ನಾಳೆ ನೀ ಪ್ಲಾಸ್ಟಿಕ್ ತಂಬೂರೀನೂ ತರ್ತೀ!" ಮುಂದಿನ ಸಾಲಿನವರು ನಕ್ಕರು. ಅಜ್ಜಿ ನಗಲಿಲ್ಲ. "ಗುರುಗಳ ಮನ್ಯಾಗ ಕರೆಂಟ್ ಇರ್ಲಿಲ್ಲ. ದೀಪ ಹಚ್ಚಿ ಕಲಿಸ್ತಿದ್ರು. ಎಣ್ಣಿ ಮುಗದು ದೀಪ ಆರಿತಂದ್ರ ಅವತ್ತಿನ ಪಾಠ ಮುಗೀತು. ಈಗ ಅದು ಕಣ್ಣಿಗೆ ಕಾಣಲಿಲ್ಲಂದ್ರ ನನಗ ಧ್ವನಿ ಏಳೂದಿಲ್ಲ ನೋಡು."

ಕಾಣಬೇಕು. ಆ ಮಾತನ್ನು ನಾನು ಹಿಡಿದುಕೊಂಡೆ. ಚೌಕಾಶಿಯಲ್ಲಿ ಎದುರಿನವರಿಗೆ ನಿಜಕ್ಕೂ ಏನು ಬೇಕು ಎಂಬುದು ಇಂಥ ಒಂದು ಮಾತಿನಲ್ಲಿ ಹೊರಗೆ ಬೀಳುತ್ತದೆ, ಕಿವಿ ತೆರೆದಿಟ್ಟಿರಬೇಕು.

"ಕಂಡರ ಸಾಕಲ್ರಿ? ಹತ್ತಿರ ಇರಬೇಕಂತಿಲ್ಲಲ್ರಿ?"

ಅಜ್ಜಿ ಯೋಚಿಸಿದರು. "ಕಂಡರ ಸಾಕು. ಆದ್ರ ನಡುವ ಆರಿತಂದ್ರ ನಾ ಏಳ್ತೀನಿ."

ಮುಖ್ಯಸ್ಥರ ಕಡೆ ತಿರುಗಿದೆ. ಹಾಲಿನ ದೊಡ್ಡ ಬಾಗಿಲು ವೇದಿಕೆಗೆ ನೇರ ಎದುರಿಗಿತ್ತು. ಹೊರಗೆ ಮೆಟ್ಟಿಲ ಮೇಲಿನ ಕಲ್ಲಿನ ಕಟ್ಟೆ. ಅಲ್ಲಿ ಪುಸ್ತಕವಿಲ್ಲ, ಮರವಿಲ್ಲ. ದೀಪ ಅಲ್ಲಿರಲಿ, ಎರಡು ಬದಿಗೂ ಮರಳಿನ ಕೆಂಪು ಬಕೆಟ್ಟು ಇಡೋಣ, ನಾನೇ ಕಾವಲು ಕೂರುತ್ತೇನೆ ಎಂದೆ. ಅವರು ಕಲ್ಲನ್ನು ನೋಡಿದರು, ಹೊಸ್ತಿಲನ್ನು ನೋಡಿದರು. "ಇದರ ಈಚೆಗೆ ಒಂದು ಕಿಡಿ ಬಂದರೂ ಇವತ್ತೇ ಕೊನೆ," ಎಂದು ಹಿಂದಿಯಲ್ಲಿ ಹೇಳಿ, ಬಾಗಿಲ ಪಕ್ಕದ ಕುರ್ಚಿಯಲ್ಲಿ ದೀಪವನ್ನೇ ದುರುಗುಟ್ಟಿಕೊಂಡು ಕೂತರು.

ಹಾಡು ಶುರುವಾಯಿತು. ನಾನು ಬುದ್ಧಿವಂತನಂತೆ ನಾಲ್ಕು ಕುರ್ಚಿ ತಂದು, ಜಮಖಾನೆ ಹೊದಿಸಿ, ದೀಪದ ಮೂರು ಕಡೆ ಗೋಡೆ ಕಟ್ಟಿದ್ದೆ. ಮೆಟ್ಟಿಲ ಕಡೆಯಿಂದ ಗಾಳಿ ಬರದಂತೆ. ಅಜ್ಜಿಗೆ ಕಾಣಲಿ ಎಂದು ಬಾಗಿಲ ಕಡೆ ಮಾತ್ರ ಬಿಟ್ಟಿದ್ದೆ. ಮೊದಲಿಗೆ ಎಲ್ಲ ಸರಿಯಿತ್ತು. ಕತ್ತಲಾಗುತ್ತಿದ್ದಂತೆ ಗಾಳಿ ಎದ್ದಿತು, ಎದ್ದದ್ದು ಹಾಲಿನ ಆಚೆ ಬದಿಗಿದ್ದ ಮೈದಾನದ ಕಡೆಯಿಂದ. ಜನ ತುಂಬಿದ ಸೆಕೆಗೆಂದು ಆ ಕಡೆಯ ಕಿಟಕಿಗಳನ್ನು ಅಜ್ಜಿಯ ಎದುರಿಗೇ ಕಿರ್ರೆನ್ನಿಸುತ್ತ ತೆರೆದಿದ್ದರು. ಗಾಳಿ ಹಾಲಿನ ಒಳಗಿಂದಲೇ ಹಾದು, ಕೇಳುವವರ ತಲೆಯ ಮೇಲಿಂದ ಬಂದು, ನಾನು ಬಿಟ್ಟಿದ್ದ ಅದೇ ಕಡೆಯಿಂದ ನುಗ್ಗಿತು. ನಾನು ಕಟ್ಟಿದ ಗೋಡೆ ಅದನ್ನು ಹಿಡಿದು ದೀಪದ ಸುತ್ತ ತಿರುಗಿಸುತ್ತಿತ್ತು.

ಜ್ವಾಲೆ ಮಲಗಿತು. ಎದ್ದಿತು. ಮತ್ತೆ ಮಲಗಿತು. ಕೈ ಅಡ್ಡ ಹಿಡಿದೆ. ಹಿಡಿದ ಕೂಡಲೇ ಒಳಗೆ ಅಜ್ಜಿಯ ಧ್ವನಿ ತಡವರಿಸಿತು. ಕೈ ತೆಗೆದೆ, ಧ್ವನಿ ಮುಂದುವರಿಯಿತು, ಜ್ವಾಲೆ ನೀಲಿಗೆ ತಿರುಗಿತು. ಕಿಟಕಿ ಮುಚ್ಚೋಣವೆಂದರೆ ಅವುಗಳ ಕಬ್ಬಿಣದ ತಿರುಗಣಿಗಳು ಕಿರುಚುವುದು ಇಡೀ ರಸ್ತೆಗೆ ಕೇಳುತ್ತದೆ. ಗ್ರಂಥಪಾಲಕಿ ವೇದಿಕೆಯ ಪಕ್ಕ ಎದ್ದು ನಿಂತಿದ್ದರು. ನಡುವೆ ಜನ ತುಂಬಿ, ಬರಲು ದಾರಿಯಿರಲಿಲ್ಲ. ಅವರು ಎರಡು ಕೈಯಿಂದ ಸೆರಗು ಹಿಂಡುತ್ತಿದ್ದುದು ನನಗೆ ಅಲ್ಲಿಗೇ ಕಾಣುತ್ತಿತ್ತು.

ಮುಖ್ಯಸ್ಥರು ಎದ್ದರು. ಮುಗಿಯಿತು ಎಂದುಕೊಂಡೆ. ಆ ಮನುಷ್ಯ ಸುಮ್ಮನೆ ಕೂತಿದ್ದರೂ ಸಾಕಿತ್ತು. ದೀಪ ತಾನಾಗಿ ಆರುತ್ತಿತ್ತು, ಅಜ್ಜಿ ತಾನಾಗಿ ಏಳುತ್ತಿದ್ದರು, ಬಾಗಿಲು ತಾನಾಗಿ ಮುಚ್ಚುತ್ತಿತ್ತು, ಯಾರೂ ಅವರನ್ನು ದೂರುವಂತಿರಲಿಲ್ಲ. ಅವರು ಮೇಜಿನ ಹತ್ತಿರ ಹೋದರು. ಚಿತ್ರದ ಪುಸ್ತಕದ ಮೇಲಿನ ಗಾಜು ಎತ್ತಿದರು. ಪುಸ್ತಕವನ್ನು ಮಗುವನ್ನು ಮಲಗಿಸುವಂತೆ ಮಡಚಿ, ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ಆಮೇಲೆ ಗಾಜು ಹಿಡಿದು ಹೊಸ್ತಿಲು ದಾಟಿ ಬಂದು, ಕೋಟಿನ ಸಮೇತ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು, ದೀಪದ ಮುಂದೆ ಅದನ್ನು ನೆಟ್ಟಗೆ ನಿಲ್ಲಿಸಿ ಹಿಡಿದರು.

ಗಾಳಿ ನಿಂತಿತು. ಜ್ವಾಲೆ ನೆಟ್ಟಗಾಯಿತು. ಗಾಜಿನ ಆಚೆಯಿಂದ ಅಜ್ಜಿಗೆ ಅದು ಕಾಣುತ್ತಲೇ ಇತ್ತು. ಧ್ವನಿ ಒಂದು ಮೆಟ್ಟಿಲು ಮೇಲೇರಿತು.

"ಸಾಹೇಬ್, ನಾನು ಹಿಡಿಯಲೇ?" ಎಂದು ಪಿಸುಗುಟ್ಟಿದೆ.

"ಚುಪ್. ತೂ ಬಕೆಟ್ ದೇಖ್." ನೀನು ಮರಳಿನ ಬಕೆಟ್ ನೋಡಿಕೋ ಅಂತ!

ನನಗೆ ತಡೆಯಲಾಗಲಿಲ್ಲ. ದೀಪ ಬೇಡ ಎಂದವರು ನೀವೇ ಅಲ್ಲವೇ ಎಂದು ಕೇಳಿಯೇಬಿಟ್ಟೆ. ಅವರು ಕಣ್ಣು ತಿರುಗಿಸದೆ, ಒಳಗೆ ಬೆಂಕಿ ಬೇಡ ಎಂದಿದ್ದೆ, ಹಾಡು ಬೇಡ ಎಂದು ಯಾವಾಗ ಹೇಳಿದ್ದೆ ಎಂದರು. ಆಮೇಲೆ ಅವರೇ ಕೇಳಿದರು: ಇದು ಆ ಪುಸ್ತಕದಲ್ಲಿರುವ ಯಾವ ಚಿತ್ರದ ರಾಗ? ನನಗೇನು ಗೊತ್ತು! ಜಿಂಕೆಗಳ ನಡುವೆ ನಿಂತ ಹೆಂಗಸಿನದು ಇರಬಹುದು ಎಂದು ಅಂದಾಜಿಗೆ ಒಗೆದೆ. ಅಲ್ಲ, ಮಂಚದ ಮೇಲೆ ಒಬ್ಬಳೇ ಕೂತವಳದು ಎಂದು ಅವರು. ಹಾಡು ಮುಗಿಯುವವರೆಗೂ ನಾವಿಬ್ಬರೂ ಅದನ್ನೇ ಪಿಸುಮಾತಿನಲ್ಲಿ ವಾದಿಸಿದೆವು. ಯಾರು ಸರಿ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.

ಹಾಡು ಮುಗಿದ ಮೇಲೆ ಅಜ್ಜಿ ಶಿಷ್ಯೆಯ ಹೆಗಲು ಹಿಡಿದು ಹೊರಗೆ ಬಂದರು, ದೀಪ ಶಾಂತ ಮಾಡಲು. ಕುಕ್ಕರಗಾಲಲ್ಲಿ ಕೂತಿದ್ದ ಮುಖ್ಯಸ್ಥರನ್ನು ಕಂಡರು. ಅಷ್ಟು ಹೊತ್ತು ಕೂತು ಆ ಮನುಷ್ಯನ ಮೊಣಕಾಲು ಮರಗಟ್ಟಿ, ಎದ್ದು ನಿಲ್ಲಲಾಗುತ್ತಿರಲಿಲ್ಲ.

"ಆಗ ಒದರಿದ ಇವರು ಯಾರು, ತಮ್ಮಾ? ನಿನ್ನ ಕುರ್ಚಿ ಹೊರೋವರೇನು?"

"ಇಲ್ರಿ ಅವ್ವಾರ. ಇವರು ಈ ಗ್ರಂಥಾಲಯದ ಯಜಮಾನರು."

"ಹೌದೇನು? ಹಂಗಾರ ಹೇಳು, ಕಿಟಕಿಗೆ ಎಣ್ಣಿ ಹಾಕಸ್ರಿ ಅಂತ."

ನಾನು ಹಿಂದಿಯಲ್ಲಿ ಹೇಳಿದೆ. ಮುಖ್ಯಸ್ಥರು ನಗಲಿಲ್ಲ, ಗಂಭೀರವಾಗಿ ತಲೆಯಾಡಿಸಿದರು. ಆಮೇಲೆ ಗೋಡೆ ಹಿಡಿದು ಎದ್ದು, ಗಾಜನ್ನು ಕರವಸ್ತ್ರದಲ್ಲಿ ಒರೆಸುತ್ತ, ಗ್ರಂಥಪಾಲಕಿಗೆ ಇಂಗ್ಲಿಷಿನಲ್ಲಿ ಏನೋ ಒಂದು ಮಾತು ಹೇಳಿ ಒಳಗೆ ಹೋದರು.

ಗ್ರಂಥಪಾಲಕಿ ಹತ್ತಿರವಿದ್ದ ನನ್ನ ಕುರ್ಚಿಯ ಮೇಲೆ ದೊಪ್ಪೆಂದು ಕೂತರು. ಜಮಖಾನೆ ಸಮೇತ.

"ಏನಂದ್ರಿ ಸಾಹೇಬರು, ಬಾಯಾರ?" ಎಂದು ಕೇಳಿದೆ.

"ಮುಂದಿನ ತಿಂಗಳು ಯಾರು ಹಾಡ್ತಾರೆ ಅಂತ ಕೇಳಿದ್ರು," ಎಂದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನಾನು ಇನ್ನೂ ಯಾರನ್ನೂ ಕೇಳೇ ಇಲ್ವಲ್ರೀ!"