ಮುತ್ಯಾನ ಬೋಳು ಮುಂಗೈ

"ಎರಡು ಸಲ ಎಳೀರಿ ಮೇಡಂ, ಸಾಕು" ಅಂತ ಸೂಪರ್ ಮಾರ್ಕೆಟ್ ಅಂಗಡಿಯವ ಚಾಕು ಮಸೆಯೋ ಶಾರ್ಪ್‌ನರ್ ಕೊಟ್ಟಿದ್ದ. ಏನು ಬಡಿವಾರ ಅವನದು! ಇವತ್ತು ಚಾಕು ಟೊಮ್ಯಾಟೊ ಹಣ್ಣನ್ನು ಕೊಯ್ಯಲಿಲ್ಲ, ಜಜ್ಜಿತು. ಸಿಟ್ಟಿನಿಂದ ಹಿತ್ತಲಿನ ಫರಸಿ ಕಲ್ಲಿಗೆ ನೀರು ಚಿಮುಕಿಸಿ ಉಜ್ಜತೊಡಗಿದೆ. ಹಸಿ ಕಲ್ಲಿನ ವಾಸನೆ ಎದ್ದದ್ದೇ ತಡ, ಕಮಲಾಪುರದ ಕಟ್ಟೆ ಕಣ್ಣೆದುರು ಬಂತು.

ನಾನು ಸಣ್ಣವಳಿದ್ದಾಗ ಅಲ್ಲಿ ನಮ್ಮ ಮುತ್ಯಾ, ಅವ್ವನ ಅಪ್ಪ, ಬಾಳೆಗೊನೆ ಕೊಯ್ಯುವ ಚೂರಿಯನ್ನು ಹೀಗೇ ಮಸೆಯುತ್ತಿದ್ದ. ಅವನ ಎಡ ಮುಂಗೈಯಲ್ಲಿ ಒಂದು ಕಡೆ ಕೂದಲೇ ಇರಲಿಲ್ಲ. ಏನೋ ರೋಗ ಅಂದುಕೊಂಡಿದ್ದೆ. ಒಂದಿನ ನಾನು ನೋಡನೋಡುತ್ತಿದ್ದಂತೆ ಆ ಬೋಳು ಜಾಗದ ಪಕ್ಕದಲ್ಲೇ ಚೂರಿ ಎಳೆದುಬಿಟ್ಟ!

"ಆಯೀ, ಮುತ್ಯಾ ಕೈ ಕೊಯ್ಕೊಳಾಕತ್ತಾನ!"

ನನ್ನ ಚೀರಾಟಕ್ಕೆ ಓಣಿಯೇ ಓಡಿಬಂತು. ರೊಟ್ಟಿ ಬಡಿಯುತ್ತಿದ್ದ ಆಯಿ, ಅವ್ವನ ಅವ್ವ, ಮಾತ್ರ ಏಳಲಿಲ್ಲ.

"ಧಾರ ನೋಡ್ತಾನ ಬಿಡು. ಕೂದಲು ಹೋದ್ರ ಚೂರಿ ಹರಿತ ಆಗ್ಯಾದಂತ."

ಮುತ್ಯಾ ಕತ್ತರಿಸಿದ ಕೂದಲನ್ನು ಉಫ್ ಅಂತ ಊದಿ ನಕ್ಕ. ನಾನು ರಾತ್ರಿವರೆಗೂ ಅವನ ಹತ್ತಿರ ಸುಳಿಯಲಿಲ್ಲ.

"ಮಮ್ಮೀ!"

ಮಗಳು ಚೀರಿದಾಗ ಬೆಚ್ಚಿಬಿದ್ದು ನೋಡಿದೆ. ಚಾಕು ನನ್ನ ಎಡ ಮುಂಗೈ ಮೇಲಿತ್ತು. ಯಾವಾಗ ಇಟ್ಟೆನೋ, ಯಾವಾಗ ಎಳೆದೆನೋ, ದೇವರಾಣೆ ಗೊತ್ತಿಲ್ಲ. ಉದುರಿದ ಕೂದಲನ್ನು ಉಫ್ ಅಂತ ಊದಿದೆ.